ಎಂಟು ಜನರ ಹೊಣೆ

ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯ ಅಣೆಕಟ್ಟೆಯಿಂದ ಕಪಿಲೆಯ ನೀರು ನಾಲೆಗಿಳಿದು ಗದ್ದೆ ಸೇರುವ ಸೀಮೆಗೆ ಹೊಣೆಗಾರಿಕೆ ಹೊಸ ಮಾತೇನಲ್ಲ. ಹಳೇ ಮೈಸೂರಿನ ಊರುಗಳಲ್ಲಿ ನೀರುಗಂಟಿ ಇದ್ದ. ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ನೀರು ಬಿಡಬೇಕೆಂಬುದು ಅವನ ಕೈಯಲ್ಲಿತ್ತು. ಕೊನೇ ಗದ್ದೆ ಒಣಗಿದರೆ ಬೈಗುಳವೂ ಅವನಿಗೇ. ಆದರೆ ಆ ಕೆಲಸ ಹೆಚ್ಚಾಗಿ ಹುಟ್ಟಿನಿಂದ ಬರುತ್ತಿತ್ತು. ಪಟೇಲಿಕೆ, ಶಾನುಭೋಗಿಕೆಗಳೂ ವಂಶದ ಸೊತ್ತೇ. ಸ್ಕೌಟ್ ಚಳವಳಿ ಇಂಥ ನಾಡಿಗೆ ಏನು ತಂದಿತು ಎಂದು ಕೇಳಿದರೆ ಖಾಕಿ ಅಂಗಿ, ಸ್ಕಾರ್ಫು, ಸೀಟಿ, ಕವಾಯತು ಎನ್ನುವವರೇ ಬಹಳ. ನನ್ನ ಲೆಕ್ಕದಲ್ಲಿ ಅವೆಲ್ಲ ಮೇಲಿನ ಬಟ್ಟೆ. ಹದಿಮೂರು ಹದಿನಾಲ್ಕರ ಹುಡುಗನೊಬ್ಬ ಅಪ್ಪನ ಹೆಸರಿನಿಂದಲ್ಲ, ಜೊತೆಗಾರರ ಒಪ್ಪಿಗೆಯಿಂದ ಹೊಣೆ ಹೊರುವ ಪೆಟ್ರೋಲ್ ಲೀಡರ್ ಹುದ್ದೆಯೇ ಇಲ್ಲಿ ಹೊಸದು.

ಬ್ರಿಟಿಷ್ ಸೈನ್ಯದ ಪಳೆಯುಳಿಕೆಯನ್ನು ಹೊಗಳುವುದೇಕೆ ಎಂಬ ಆಕ್ಷೇಪ ಸುಳ್ಳಲ್ಲ. ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ದಂಡನಾಯಕ; 1899–1900ರ ದಕ್ಷಿಣ ಆಫ್ರಿಕದ ಮೆಫೆಕಿಂಗ್ ಮುತ್ತಿಗೆಯಲ್ಲಿ ಸಂದೇಶ ಒಯ್ದ ಹುಡುಗರನ್ನು ಕಂಡೇ ಅವನಿಗೆ ಹುಡುಗರಿಗೆ ಹೊಣೆ ಕೊಡುವ ಯೋಚನೆ ಬಲಿತದ್ದು. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೆ ಒಬ್ಬ ದೊಡ್ಡ ಹುಡುಗನನ್ನು ಇಟ್ಟ. 1909ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಭಾರತದ ಮೊದಲ ಸ್ಕೌಟ್ ಟ್ರೂಪು ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ ಮೀಸಲು. ನಮ್ಮ ಹುಡುಗರು ಬೇಲಿಯಾಚೆ ನಿಂತಿದ್ದರು. ಆ ಬೇಲಿ ಮುರಿಯಲೆಂದೇ ಆನಿ ಬೆಸೆಂಟ್ ಮದರಾಸಿನಲ್ಲಿ ಭಾರತೀಯ ಹುಡುಗರ ಸಂಘ ಕಟ್ಟಿ, ಹ್ಯಾಟಿನ ಜಾಗದಲ್ಲಿ ಪೇಟ ತೊಡಿಸಿದರು. ಅತ್ತ ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯರ ಸೇವಾ ಸಮಿತಿ ಸ್ಕೌಟ್ ಸಂಘ ಹುಟ್ಟಿತು, ಇತ್ತ ಮೈಸೂರು ಸಂಸ್ಥಾನದಲ್ಲಿ ಅರಮನೆಯೇ ಚಳವಳಿಯ ಬೆನ್ನಿಗೆ ನಿಂತಿತು. 1950ರ ನವೆಂಬರ್ 7ರಂದು ಸಂಘಗಳು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಗಿ ಒಂದಾದವು. ದೊರೆ ಬದಲಾದ, ಟೋಪಿ ಬದಲಾಯಿತು, ಬಾವುಟ ಬದಲಾಯಿತು. ಬದಲಾಗದೆ ಉಳಿದದ್ದು ಪೆಟ್ರೋಲ್ ಎಂಬ ಆರೆಂಟು ಜನರ ಆ ಸಣ್ಣ ಗುಂಪು. ಅದು ಬರೀ ಸೈನ್ಯದ ತುಂಡಾಗಿದ್ದರೆ ಲೀಡರ್‌ಗಳು ಕೂಡುವ ಕೋರ್ಟ್ ಆಫ್ ಆನರ್ ಎಂಬ ಸಭೆ ಏಕೆ ಬೇಕಿತ್ತು? ಯಾವ ಬ್ಯಾರಕ್ಕಿನಲ್ಲೂ ಕೆಳದರ್ಜೆಯ ಸಿಪಾಯಿಗಳು ಕೂತು ಮುಂದಿನ ತಿಂಗಳ ಕಾರ್ಯಕ್ರಮವನ್ನೂ ಜೊತೆಯವರ ತಪ್ಪುಗಳನ್ನೂ ತಾವೇ ತೀರ್ಮಾನಿಸುವುದಿಲ್ಲ. ಪೆಟ್ರೋಲ್ ಲೀಡರ್‌ಗಳು ತೀರ್ಮಾನಿಸುತ್ತಾರೆ.

ಇನ್ನು ಕೆಲಸದ ಮಾತು. ಎಡ ಜೇಬಿನ ಮೇಲೆ ಎರಡು ಹಸಿರು ಪಟ್ಟಿ ಹೊಲಿಸಿಕೊಂಡವನು ಹಾಜರಿ ಹಿಡಿಯಬೇಕು, ಲಾಗ್ ಬುಕ್ ಬರೆಸಬೇಕು, ಹೊಸಬನಿಗೆ ರೀಫ್ ನಾಟ್ ಬಿಗಿಯುವುದನ್ನು ಕಲಿಸಬೇಕು, ತಾನಿಲ್ಲದಾಗ ನಡೆಸಲು ಸೆಕೆಂಡ್ ಎಂಬ ಸಹಾಯಕನನ್ನು ತಯಾರು ಮಾಡಬೇಕು. ಶಿಬಿರದಲ್ಲಿ ಇಬ್ಬರು ಸೌದೆಗೆ, ಇಬ್ಬರು ನೀರಿಗೆ, ಇಬ್ಬರು ಒಲೆಯ ಮುಂದೆ, ಉಳಿದವರು ಪಾತ್ರೆ ತೊಳೆಯಲು; ನಾಳೆ ಸರದಿ ತಿರುಗುತ್ತದೆ. ಈ ಸರದಿ ಸಣ್ಣದಲ್ಲ. ನೀರು ಯಾರು ಸೇದಬೇಕು, ಅನ್ನ ಯಾರು ಬೇಯಿಸಬೇಕೆಂಬುದನ್ನು ಜಾತಿಯೇ ಹೇಳುತ್ತಿದ್ದ ಊರುಗಳಿಂದ ಬಂದ ಮಕ್ಕಳಿಗೆ, ಅದನ್ನು ಸರದಿಯ ಚೀಟಿಯೊಂದು ಹೇಳುವುದು ಸಣ್ಣ ಸಂಗತಿಯಾಗಿರಲಾರದು. ಸರದಿ ಹಾಕುವವನೂ ತನ್ನ ದಿನ ಬಂದಾಗ ಮಸಿ ಹಿಡಿದ ಪಾತ್ರೆ ಉಜ್ಜಲೇಬೇಕು.

ಇದೆಲ್ಲ ಕ್ಲಾಸ್ ಮಾನಿಟರ್ ಕೆಲಸವೇ ಅಲ್ಲವೇ ಎನ್ನಬಹುದು. ಮಾನಿಟರ್ ಮೇಷ್ಟ್ರ ಕಣ್ಣು. ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಾನೆ. ಪೆಟ್ರೋಲ್ ಲೀಡರ್ ಮೊದಲು ಉತ್ತರ ಕೊಡಬೇಕಾದ್ದು ತನ್ನ ಗುಂಪಿಗೆ. ಮಕ್ಕಳ ಮೇಲೆ ಇಷ್ಟು ಭಾರ ಬೇಡ ಎನ್ನುವವರಿಗೆ ನಮ್ಮ ಹಳ್ಳಿ ಗೊತ್ತಿಲ್ಲ. ಇಲ್ಲಿ ಹತ್ತರ ಹುಡುಗಿ ತಮ್ಮನನ್ನು ಕಂಕುಳಲ್ಲಿಟ್ಟುಕೊಂಡೇ ಮನೆ ನೋಡಿಕೊಂಡಿದ್ದಾಳೆ. ಭಾರ ಎಂದೂ ಇತ್ತು, ಅದರ ಜೊತೆ ಮಾತಾಡುವ ಹಕ್ಕು ಇರಲಿಲ್ಲ. ನನಗೆ ಹೆಚ್ಚು ಗಂಭೀರವಾಗಿ ಕಾಣುವ ಆಕ್ಷೇಪ ಬೇರೆ: ಪ್ರದರ್ಶನದ ಗದ್ದಲದಲ್ಲಿ ಈ ಹುದ್ದೆ ಕರಗಿಹೋಗುತ್ತದೆ ಎಂಬುದು. ನಂಜನಗೂಡಿನ ದೊಡ್ಡ ಜಾತ್ರೆಯಂಥ ಕಡೆ, ಐದು ತೇರು ಹೊರಟ ಜನಸಾಗರದಲ್ಲಿ, ಸ್ಕೌಟೆಂದರೆ ಹಗ್ಗ ಹಿಡಿದು ನಿಲ್ಲುವ ಹುಡುಗ ಎಂದಷ್ಟೇ ಜನ ತಿಳಿಯುವುದು ಸುಲಭ. 2016ರ ಡಿಸೆಂಬರ್ ಕೊನೆಯಲ್ಲಿ ಇದೇ ತಾಲ್ಲೂಕಿನ ಅಡಕನಹಳ್ಳಿಯಲ್ಲಿ 17ನೇ ರಾಷ್ಟ್ರೀಯ ಜಾಂಬೂರಿ ಎಂಬ ಸ್ಕೌಟ್ ಮಹಾಶಿಬಿರ ನಡೆದಾಗಲೂ ಕಣ್ಣು ಕುಕ್ಕಿದ್ದು ವೇದಿಕೆ, ಮೆರವಣಿಗೆಗಳೇ. ಆದರೆ ಅಷ್ಟು ದೊಡ್ಡ ಡೇರೆ ಊರಿನಲ್ಲಿ ಒಬ್ಬ ಹುಡುಗ ಊಟ ಬಿಟ್ಟು ಜ್ವರದಲ್ಲಿ ಮಲಗಿದ್ದಾನೆಂಬುದು ಯಾವ ಸಮಿತಿಗೂ ಮೊದಲು ಗೊತ್ತಾಗದು. ಅದು ಗೊತ್ತಾಗುವುದು ಎಂಟು ತಟ್ಟೆ ಎಣಿಸುವವನಿಗೆ. ಅಂಕಪಟ್ಟಿ ನೋಡಿಯೋ ಪೋಷಕರ ಮುಖ ನೋಡಿಯೋ ಲೀಡರನ್ನು ನೇಮಿಸುವ ಶಾಲೆಗಳು ಉಳಿದ ಏಳು ಜನರನ್ನು ಒಂದು ಮಾತು ಕೇಳುವ ನಿಯಮವನ್ನೇ ಮರೆತಿವೆ. ಹಾಗೆ ಬಂದವನು ತಟ್ಟೆ ಎಣಿಸುವ ಬದಲು ಹೆಸರು ಬರೆಯಲು ಶುರುಮಾಡುತ್ತಾನೆ.