ತಂತಿಯ ಕೊನೆಯ ಕಥೆ

ತಂತಿ ಸಂದೇಶದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಳುಹಿಸುವವನ ಕಥೆಯನ್ನೇ ಹೇಳುತ್ತಾರೆ. ಕಂಬಗಳನ್ನು ನೆಟ್ಟವರು ಯಾರು, ಮೊದಲ ಸಂದೇಶ ಯಾವುದು ಎಂಬುವೇ ಅದರ ಮುಖ್ಯ ಅಧ್ಯಾಯಗಳು. ತಂತಿಯ ಇನ್ನೊಂದು ತುದಿಯಲ್ಲಿ ಏನಾಗುತ್ತದೆಂಬ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಕನ್ನಡ ಪಾಠ ಹೇಳಿಕೊಂಡಿದ್ದ ನನಗೆ ಅದರಲ್ಲಿ ಆಸಕ್ತಿ ಮೂಡಿದ್ದು ನಿವೃತ್ತಿಯ ನಂತರ, ಕಾರ್ಕಳದ ಮಗ್ಗುಲಿನ ಕುಕ್ಕುಂದೂರಿನಲ್ಲಿ. ಆ ಸಂದರ್ಭವನ್ನು ಮುಂದೆ ಹೇಳುತ್ತೇನೆ.

ನಮ್ಮ ದೇಶದಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರ್‌ಗೆ ತಂತಿ ಎಳೆದದ್ದು 1851ರಲ್ಲಿ, ವೈದ್ಯರೂ ಆಗಿದ್ದ ವಿಲಿಯಂ ಓಶಾನೆಸಿಯವರ ಮುಂದಾಳ್ತನದಲ್ಲಿ. ಏಳು ವರ್ಷಗಳ ಬಳಿಕ, 1858ರ ಆಗಸ್ಟ್‌ನಲ್ಲಿ, ಅಟ್ಲಾಂಟಿಕ್ ಸಾಗರದ ತಳದಲ್ಲಿ ಯುರೋಪನ್ನೂ ಅಮೆರಿಕವನ್ನೂ ಕೂಡಿಸುವ ಕೇಬಲ್ ಸಿದ್ಧವಾಯಿತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ಅದನ್ನು ದಾಟಲು 16 ಗಂಟೆ ಹಿಡಿಯಿತು. ಸಂಕೇತಗಳು ಆಚೆಯ ದಡದಲ್ಲಿ ಕಲಸಿಹೋಗಿ ತಲುಪುತ್ತಿದ್ದವು. ಕೇಬಲಿನ ಹೊಣೆ ಹೊತ್ತಿದ್ದ ವೈಟ್‌ಹೌಸ್ ಎಂಬವರು ಬಲ ಹೆಚ್ಚಿಸಿದರೆ ಸರಿಹೋದೀತೆಂದು ಸುಮಾರು 2000 ವೋಲ್ಟ್‌ಗಳನ್ನು ಹರಿಸಿದರು. ಮೊದಲೇ ದುರ್ಬಲವಾಗಿದ್ದ ಕೇಬಲ್ ಕೆಲವೇ ವಾರಗಳಲ್ಲಿ ಮೂಕವಾಯಿತು.

ವಿಲಿಯಂ ಥಾಮ್ಸನ್‌ರದು, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರದು, ಬೇರೆಯೇ ದಾರಿ. ಕೂಗುವವನ ಗಂಟಲನ್ನು ಏರಿಸುವ ಬದಲು ಕೇಳುವವನ ಕಿವಿಯನ್ನು ಅವರು ಸೂಕ್ಷ್ಮಗೊಳಿಸಿದರು. ಪುಟ್ಟ ಕನ್ನಡಿಯೊಂದರ ಮೇಲೆ ಬಿದ್ದ ಬೆಳಕಿನ ಚಲನೆಯಿಂದ ಅತ್ಯಲ್ಪ ವಿದ್ಯುತ್ತನ್ನೂ ಗುರುತಿಸುವ ಉಪಕರಣ ಅವರದು. 1866ರಲ್ಲಿ ಅಟ್ಲಾಂಟಿಕ್ ಕೇಬಲ್ ಸ್ಥಿರವಾಗಿ ನಿಂತಿತು. 1870ರಲ್ಲಿ ಮುಂಬಯಿಗೂ ಸಮುದ್ರದ ತಂತಿ ಬಂತು.

ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಆಲಿವರ್ ಹೆವಿಸೈಡ್ 1880ರ ದಶಕದಲ್ಲಿ ಈ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ದರು. ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ಝಾಡಿಸಿ ನೋಡಿ. ಅಲೆ ಕಂಬದವರೆಗೆ ಹೋಗಿ ಮರಳಿ ಕೈಗೇ ಬರುತ್ತದೆ. ತಂತಿಯಲ್ಲಿಯೂ ಹಾಗೆಯೇ. ಪ್ರತಿಯೊಂದು ತಂತಿಗೂ ತನ್ನದೇ ಆದ ಒಂದು ಸ್ವಭಾವಸಿದ್ಧ ರೋಧವಿದೆ; ತುದಿಯಲ್ಲಿ ಅದಕ್ಕೆ ಸಮನಾದ ರೋಧಕವನ್ನಿಟ್ಟರೆ ಅಲೆ ಅಲ್ಲೇ ಲೀನವಾಗುತ್ತದೆ, ಪ್ರತಿಧ್ವನಿಯಾಗಿ ಹಿಂದಿರುಗುವುದಿಲ್ಲ. ಇಂಜಿನಿಯರರು ಇಂದು ಟರ್ಮಿನೇಷನ್ ಎನ್ನುವುದು ಇದನ್ನೇ.

1983ರಲ್ಲಿ ಅಮೆರಿಕದಲ್ಲಿ ಆರ್‌ಎಸ್-485 ಎಂಬ ಪ್ರಮಾಣ ಹೊರಬಂತು. ಒಂದು ಜೊತೆ ತಂತಿಗೆ ಹಲವು ಯಂತ್ರಗಳನ್ನು ಕೂಡಿಸಿ, ಸುಮಾರು 1200 ಮೀಟರುಗಳವರೆಗೆ ಮಾತು ಸಾಗಿಸಬಹುದಾದ ಕ್ರಮವಿದು. ಇಲ್ಲಿಯ ಶಿಸ್ತು ನಮ್ಮ ತಾಳಮದ್ದಳೆಯನ್ನು ನೆನಪಿಸುತ್ತದೆ. ಒಬ್ಬರು ಅರ್ಥ ಹೇಳುವಾಗ ಉಳಿದವರು ಕಾಯಬೇಕು. ಮಾತು ಮುಗಿದೊಡನೆ ಯಂತ್ರದ ಡ್ರೈವರ್ ತಂತಿಯನ್ನು ಬಿಟ್ಟುಕೊಡಬೇಕು. ತಡವಾಗಿ ಬಿಟ್ಟರೆ ಎದುರಿನವನ ಉತ್ತರ ನಲುಗುತ್ತದೆ. ಬೇಗ ಬಿಟ್ಟರೆ ತನ್ನದೇ ಕೊನೆಯ ಅಕ್ಷರ ತುಂಡಾಗುತ್ತದೆ. ಎಲ್ಲರೂ ಮೌನವಾಗಿರುವಾಗ ಗದ್ದಲವೇ ಮಾತೆಂದು ತೋರದಂತೆ ತಂತಿಯನ್ನು ಒಂದು ನೆಲೆಯಲ್ಲಿ ಹಿಡಿದಿಡುವ ಪುಟ್ಟ ರೋಧಕಗಳೂ ಬೇಕು.

ನಮ್ಮ ಕುಕ್ಕುಂದೂರಿನ ತೋಟದಲ್ಲಿ ನನ್ನ ಸೋದರಳಿಯ ಪಂಪುಗಳ ಮತ್ತು ನೀರಿನ ಟ್ಯಾಂಕಿಯ ಲೆಕ್ಕವನ್ನು ಮನೆಯಲ್ಲೇ ನೋಡಲು ಇಂಥದೊಂದು ತಂತಿ ಎಳೆಸಿದ. ಮನೆಯ ಅಡಾಪ್ಟರೂ ಸೇರಿ ಐದು ಸಾಧನಗಳು, 300 ಮೀಟರ್ ತಂತಿ. ಅಂಕಿಗಳು ಒಮ್ಮೆ ಬರುತ್ತಿದ್ದವು, ಒಮ್ಮೆ ಇಲ್ಲ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಟ್ಯಾಂಕಿ ಬರಿದಾದುದು ತಿಳಿಯದೆ ಅಡಕೆ ಸಸಿಗಳು ಎರಡು ದಿನ ಬಾಡಿದವು. ಜೋಡಿಸಿದವರು ಒಳ್ಳೆಯದೇ ಆಗಲೆಂದು ಐದೂ ಕಡೆ 120 ಓಮ್ ರೋಧಕದ ಸ್ವಿಚ್ಚನ್ನು ಹಾಕಿದ್ದರು. ರೋಧಕ ಇರಬೇಕಾದುದು ಎರಡು ತುದಿಗಳಲ್ಲಿ ಮಾತ್ರ. ಎರಡಿದ್ದರೆ ಒಟ್ಟು ರೋಧ 60 ಓಮ್. ಐದಾದರೆ 24 ಓಮ್. ಡ್ರೈವರನ್ನು ಅಳೆಯುವ ಪ್ರಮಾಣದ ಭಾರವೇ 54 ಓಮ್ ಆಗಿರುವಾಗ ಅದು ಕುಸಿಯದೆ ಏನು ಮಾಡೀತು? ನಡುವಣ ಮೂರನ್ನು ತೆಗೆದೊಡನೆ ಅಂಕಿಗಳು ನಿಂತವು. ಇನ್ನೊಂದು ಮಾತು: ಅಲ್ಲಿಯ ವೇಗ ಕ್ಷಣಕ್ಕೆ 9600 ಬಿಟ್. ಒಂದು ಬಿಟ್ಟಿನ ಅವಧಿ 104 ಮೈಕ್ರೋಸೆಕೆಂಡ್. ಪ್ರತಿಧ್ವನಿ ಹೋಗಿಬರಲು ಬೇಕಾದುದು ಮೂರೇ. ಆ ನಿಧಾನದ ಮಾತಿಗೆ ತುದಿಯ ರೋಧಕಗಳೂ ಬಹುಮಟ್ಟಿಗೆ ಅನಿವಾರ್ಯವಲ್ಲ. ವೇಗ ಮತ್ತು ದೂರ ಏರಿದಾಗ ಅವು ಬೇಕೇ ಬೇಕು.

ಸಾಹಿತ್ಯದ ಓದುಗರಿಗೆ ಇದರಿಂದೇನು ಎಂದು ಕೇಳಬಹುದು. ನಮ್ಮ ನುಡಿಯೂ ಈ ತಂತಿಗಳಲ್ಲೇ ಹರಿಯುತ್ತದೆ ಎಂಬುದೇ ಉತ್ತರ. ಬೋದೋ ಎಂಬ ಫ್ರೆಂಚ್ ತಂತ್ರಜ್ಞ 1874ರಲ್ಲಿ ರೂಪಿಸಿದ ಐದು ಘಟಕಗಳ ಸಂಕೇತದಲ್ಲಿ ಇದ್ದುದು 32 ಆಕಾರಗಳು. ನಮ್ಮ ವರ್ಣಮಾಲೆಗೆ ಅಲ್ಲಿ ಜಾಗ ಎಲ್ಲಿತ್ತು? ನನ್ನ ಬಾಲ್ಯದಲ್ಲಿ ಮನೆಗೆ ತಂತಿ ಬಂದರೆ ಅದು ಇಂಗ್ಲಿಷಿನಲ್ಲಿ. ಸಾವಿನ ಸುದ್ದಿಯನ್ನು ಓದಿಸಲು ಮೇಷ್ಟ್ರನ್ನು ಹುಡುಕಬೇಕಾಗಿತ್ತು. 2013ರ ಜುಲೈನಲ್ಲಿ ನಮ್ಮ ದೇಶದ ಸಾರ್ವಜನಿಕ ತಂತಿ ಸೇವೆ ಮುಗಿಯಿತು. ಈಗ ಯೂನಿಕೋಡಿನ ಚಾಲ್ತಿ ಕ್ರಮದಲ್ಲಿ ಒಂದು 'ಕ' ಅಕ್ಷರ ಮೂರು ಬೈಟ್‌ಗಳಾಗಿ ಸಾಗುತ್ತದೆ, ಮೂರರಲ್ಲೂ ಎಂಟನೆಯ ಬಿಟ್ ಜೀವಂತವಾಗಿರಬೇಕು. ಅಡಾಪ್ಟರನ್ನು ಏಳು ಬಿಟ್‌ಗಳಿಗೆ ಹೊಂದಿಸಿಟ್ಟರೆ ಇಂಗ್ಲಿಷ್ ಅಕ್ಷತವಾಗಿ ದಾಟುತ್ತದೆ; 'ಕ' ಮಾತ್ರ ಒಂದು ಒಂಟಿ ಉದ್ಧರಣ ಚಿಹ್ನೆ, 2 ಎಂಬ ಅಂಕಿ ಮತ್ತು ಕಣ್ಣಿಗೆ ಕಾಣದ ಇನ್ನೊಂದು ಸಂಕೇತವಾಗಿ ಚೆದುರುತ್ತದೆ.

ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿ ತಂತಿ ಸರಿಯಿದೆಯೆಂದವನಿಗೆ ಈ ನಷ್ಟ ಗೋಚರಿಸುವುದೇ ಇಲ್ಲ. ಆದುದರಿಂದ ಕನ್ನಡದ ಯುವ ತಂತ್ರಜ್ಞರಲ್ಲಿ ನನ್ನದೊಂದು ವಿನಂತಿ: ಯಾವ ಸಾಧನವನ್ನು ಜೋಡಿಸಿದರೂ ಅದರ ಮೂಲಕ ಒಂದು ಕನ್ನಡ ವಾಕ್ಯವನ್ನು ಕಳುಹಿಸಿ, ಆಚೆಯ ತುದಿಯಲ್ಲಿ ಅದನ್ನು ಓದಿ ನೋಡಿ.