ಗುಂಗುರು ಕೂದಲಿನ ಆರೈಕೆ

ಗುಂಗುರು ಕೂದಲು ಎಂದರೆ ಅಲೆಯಾಗಿ, ಸುರುಳಿಯಾಗಿ ಅಥವಾ ಬಿಗಿಯಾದ ಸಣ್ಣ ಉಂಗುರಗಳಾಗಿ ಬೆಳೆಯುವ ಕೂದಲು. ಇದು ರೋಗವಲ್ಲ, ಪೋಷಣೆಯ ಕೊರತೆಯ ಗುರುತೂ ಅಲ್ಲ. ತಂದೆತಾಯಿಯರಿಂದ ಬರುವ ಗುಣ. ನೆತ್ತಿಯ ಚರ್ಮದೊಳಗಿನ ರೋಮಕೂಪ ನೇರವಾಗಿದ್ದರೆ ಕೂದಲು ನೇರ, ಬಾಗಿದ್ದರೆ ಗುಂಗುರು. ಬಾಗಿದ ಕೂಪದ ಎರಡು ಬದಿಗಳಲ್ಲಿ ಜೀವಕೋಶಗಳು ಒಂದೇ ಸಮನಾಗಿ ಬೆಳೆದು ಗಟ್ಟಿಯಾಗುವುದಿಲ್ಲ. ಹಾಗಾಗಿ ಎಳೆ ಚರ್ಮದಿಂದ ಹೊರಬರುವ ಮೊದಲೇ ಅದರ ತಿರುವು ನಿಶ್ಚಯವಾಗಿರುತ್ತದೆ. ಅಡ್ಡಕೊಯ್ದು ನೋಡಿದರೆ ನೇರ ಕೂದಲು ಹೆಚ್ಚುಕಡಿಮೆ ದುಂಡಗಿರುತ್ತದೆ, ಗುಂಗುರು ಕೂದಲು ಚಪ್ಪಟೆಯಾದ ಅಂಡಾಕಾರದಲ್ಲಿರುತ್ತದೆ.

ಕೂದಲಿನ ಬಹುಭಾಗ ಕೆರಾಟಿನ್ ಎಂಬ ಪ್ರೋಟೀನು. ಅದರ ಆಕಾರವನ್ನು ಮುಖ್ಯವಾಗಿ ಎರಡು ಬಗೆಯ ಬಂಧಗಳು ಹಿಡಿದಿಡುತ್ತವೆ. ಗಂಧಕದ ಬಂಧಗಳು ಗಟ್ಟಿ; ಪ್ರಬಲ ರಾಸಾಯನಿಕಗಳಿಗೆ ಮಾತ್ರ ಬಿಟ್ಟುಕೊಡುತ್ತವೆ. ಜಲಜನಕದ ಬಂಧಗಳು ನೀರು ತಾಗಿದರೆ ಬಿಡುತ್ತವೆ, ಒಣಗಿದರೆ ಮತ್ತೆ ಕೂಡುತ್ತವೆ. ಸ್ನಾನ ಮಾಡಿದ ಕೂಡಲೇ ಉದ್ದವಾಗಿ ಇಳಿಬಿದ್ದ ಗುಂಗುರು ಕೂದಲು ಒಣಗುತ್ತ ಮೇಲೇರಿ ಗಿಡ್ಡವಾಗಿ ಕಾಣುವುದು, ಮಳೆಗಾಲದ ತೇವಕ್ಕೆ ಕೆದರಿ ಉಬ್ಬುವುದು ಈ ಎರಡನೆಯ ಬಂಧದ ಕಾರಣದಿಂದ. ಒದ್ದೆ ಕೂದಲು ಯಾವ ಆಕಾರದಲ್ಲಿ ಒಣಗುತ್ತದೋ ಮುಂದಿನ ಸ್ನಾನದವರೆಗೆ ಬಹುಮಟ್ಟಿಗೆ ಅದೇ ಆಕಾರ ಉಳಿಯುತ್ತದೆ. ಗುಂಗುರು ಕೂದಲನ್ನು ಒಪ್ಪ ಮಾಡುವ ವಿಧಾನಗಳೆಲ್ಲ ನಿಂತಿರುವುದು ಈ ಗುಣದ ಮೇಲೆ.

ಗುಂಗುರು ಕೂದಲಿನ ಮುಖ್ಯ ತೊಂದರೆ ಶುಷ್ಕತೆ. ನೆತ್ತಿಯ ಗ್ರಂಥಿಗಳು ಸುರಿಸುವ ಸ್ವಾಭಾವಿಕ ಜಿಡ್ಡು ನೇರ ಕೂದಲಿನ ಮೇಲೆ ಸಲೀಸಾಗಿ ಇಳಿದು ತುದಿ ಮುಟ್ಟುತ್ತದೆ. ಸುರುಳಿಯಲ್ಲಿ ಪ್ರತಿ ತಿರುವೂ ಅದಕ್ಕೆ ತಡೆ. ಆದ್ದರಿಂದ ನೆತ್ತಿ ಜಿಡ್ಡಾಗಿದ್ದರೂ ಕೂದಲ ತುದಿ ಒರಟಾಗಿ ಒಣಗಿರುತ್ತದೆ. ಇದರ ಜೊತೆಗೆ, ಕೂದಲಿನ ಹೊರಪದರದಲ್ಲಿ ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಕೂತ ಪೊರೆಗಳು ತಿರುವು ಇರುವಲ್ಲಿ ಎದ್ದು ನಿಂತು ಬೇಗ ಸವೆಯುತ್ತವೆ. ಎಳೆ ಮುರಿಯುವುದೂ ಹೆಚ್ಚಾಗಿ ಅಲ್ಲೇ. ಗುಂಗುರು ಕೂದಲು ಬೆಳೆಯುವುದೇ ಇಲ್ಲ ಎಂಬ ದೂರು ಸಾಮಾನ್ಯ. ಬೆಳೆಯುತ್ತಿರುತ್ತದೆ, ಆದರೆ ಬೆಳೆದಷ್ಟೇ ತುದಿಯಲ್ಲಿ ಮುರಿದು ಹೋಗುತ್ತಿರುತ್ತದೆ.

ಅಮೆರಿಕದ ಕೇಶವಿನ್ಯಾಸಕ ಆಂಡ್ರೆ ವಾಕರ್ ಮಾಡಿದ ವಿಂಗಡಣೆ ಈಗ ಹೆಚ್ಚು ಬಳಕೆಯಲ್ಲಿದೆ: ಒಂದನೆಯದು ನೇರ, ಎರಡನೆಯದು ಅಲೆ, ಮೂರನೆಯದು ಸುರುಳಿ, ನಾಲ್ಕನೆಯದು ಬಿಗಿ ಉಂಗುರ. 2007ರಲ್ಲಿ ಪ್ರಕಟವಾದ ಇನ್ನೊಂದು ವಿಂಗಡಣೆ ಸುರುಳಿಯನ್ನು ಅಳೆದು ಜಗತ್ತಿನ ಕೂದಲನ್ನು ಎಂಟು ಬಗೆಯಾಗಿಸಿದೆ. ಕರ್ನಾಟಕದಲ್ಲಿ ಅಲೆ ಮತ್ತು ಸಡಿಲ ಸುರುಳಿಯ ಕೂದಲು ಎಲ್ಲ ಜಿಲ್ಲೆಗಳಲ್ಲೂ ಸಾಮಾನ್ಯ. ಬಿಗಿ ಉಂಗುರದ ಕೂದಲು ವಿಶೇಷವಾಗಿ ಕಾಣುವುದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ತಾಲ್ಲೂಕುಗಳಲ್ಲಿ ಮತ್ತು ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ನೆಲೆಸಿರುವ ಸಿದ್ದಿಯರಲ್ಲಿ. ಇವರ ಪೂರ್ವಜರು ಆಫ್ರಿಕದಿಂದ ಬಂದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟು ಅಲ್ಲಿಂದ ಘಟ್ಟದ ಕಾಡುಗಳಿಗೆ ಬಂದವರು ಅವರಲ್ಲಿ ಬಹಳ. ಕನ್ನಡ ಕಾವ್ಯ ಕುರುಳು, ಮುಂಗುರುಳುಗಳನ್ನು ಮನಸಾರೆ ಹೊಗಳಿದೆ, ಹೊಯ್ಸಳ ಶಿಲ್ಪಿಗಳು ಭೈರವನ ತಲೆಯ ಸುರುಳಿಗಳನ್ನು ಒಂದೊಂದಾಗಿ ಕಡೆದಿದ್ದಾರೆ. ಹಾಗಿದ್ದೂ ಮನೆಯ ಹೆಣ್ಣುಮಗುವಿನ ತಲೆತುಂಬ ಗುಂಗುರಿದ್ದರೆ ಅದನ್ನು ಎಣ್ಣೆ ಮೆತ್ತಿ ಬಗ್ಗಿಸಿ ನೇರ ಮಾಡುವುದೇ ಆರೈಕೆ ಎಂಬ ತಿಳಿವಳಿಕೆ ಹೋಗಿಲ್ಲ. ಹಾನಿಯ ಮೊದಲ ಮೂಲ ಈ ತಿಳಿವಳಿಕೆಯೇ.

ಆರೈಕೆಯಲ್ಲಿ ಮೊದಲು ಬರುವುದು ಎಣ್ಣೆ. ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ತಾಲ್ಲೂಕುಗಳ ತೆಂಗಿನ ಸೀಮೆಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಕಾಯಿಯನ್ನು ಅಟ್ಟದಲ್ಲಿ 8ರಿಂದ 12 ತಿಂಗಳು ಹರಡಿಟ್ಟು, ಒಳಗಿನ ನೀರು ಇಂಗಿ ಗಿಟುಕು ಅಲುಗಾಡುವಂತಾದ ಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ತಿಪಟೂರಿನ ಮಾರುಕಟ್ಟೆಯಿಂದ ಅದು ತಿನ್ನುವುದಕ್ಕೆಂದು ಉತ್ತರ ಭಾರತಕ್ಕೆ ಹೋಗುತ್ತದೆ. ಒಡೆದ, ಚೂರಾದ ಕೊಬ್ಬರಿ ಗಾಣಕ್ಕೆ ಬೀಳುತ್ತದೆ. ತಲೆಗೆ ಹಚ್ಚುವ ಎಣ್ಣೆಗೆ ಚೂರು ಕೊಬ್ಬರಿ ಆಗುತ್ತದೆ, ಆದರೆ ಬೂಸಲು ಬಂದದ್ದು, ಕೌಟು ವಾಸನೆ ಹಿಡಿದದ್ದು ಆಗದು.

ಕೊಬ್ಬರಿ ಎಣ್ಣೆಯ ಹೆಚ್ಚುಗಾರಿಕೆ ಅದರ ರಚನೆಯಲ್ಲಿದೆ. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಅದರ ಅಣು ಚಿಕ್ಕದು ಮತ್ತು ನೇರ; ಆದ್ದರಿಂದ ಎಣ್ಣೆ ಕೂದಲಿನ ಮೇಲೆ ನಿಲ್ಲದೆ ಒಳಗೂ ಇಳಿಯುತ್ತದೆ. ಮುಂಬಯಿಯ ಕೊಬ್ಬರಿ ಎಣ್ಣೆ ಕಂಪನಿಯೊಂದರ ಸಂಶೋಧಕರಾದ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿದರು. ತೊಳೆಯುವ ಮೊದಲು ಹಚ್ಚಿದರೂ ನಂತರ ಹಚ್ಚಿದರೂ ಕೂದಲಿನ ಪ್ರೋಟೀನು ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಒಂದೇ. ಕೂದಲು ನೀರು ಕುಡಿದು ಉಬ್ಬಿ, ಒಣಗಿ ಕುಗ್ಗುವ ಪ್ರತಿ ಸುತ್ತಿನಲ್ಲೂ ಹೊರಪದರ ಸವೆಯುತ್ತದೆ. ಒಳಗಿಳಿದ ಎಣ್ಣೆ ಆ ಉಬ್ಬನ್ನು ಕಡಿಮೆ ಮಾಡುತ್ತದೆ. ಯುಗಾದಿ, ದೀಪಾವಳಿಯ ಎಣ್ಣೆಸ್ನಾನದ ಕ್ರಮದಲ್ಲಿ, ಅಂದರೆ ಮೊದಲು ಎಣ್ಣೆ, ಆಮೇಲೆ ಸೀಗೆ ಎಂಬ ಕ್ರಮದಲ್ಲಿ, ಗುಂಗುರು ಕೂದಲಿಗೆ ಬೇಕಾದ ವಿವೇಕ ಹೀಗೆ ಅಡಗಿದೆ.

ಹಚ್ಚುವ ಬಗೆ ಮಾತ್ರ ಬದಲಾಗಬೇಕು. ವಾಡಿಕೆಯಲ್ಲಿ ಎಣ್ಣೆ ಬೀಳುವುದು ನೆತ್ತಿಗೆ. ಗುಂಗುರು ಕೂದಲಿಗೆ ಅದು ಬೇಕಾಗಿರುವುದು ನಡುವಿನಿಂದ ತುದಿಯವರೆಗೆ. ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಅಥವಾ ಹಿಂದಿನ ರಾತ್ರಿ ಕೂದಲನ್ನು ನಾಲ್ಕಾರು ಪಾಲು ಮಾಡಿ ಎಳೆಗಳಿಗೆ ಸವರಿದರೆ ಸಾಕು. ತಲೆಹೊಟ್ಟು ಇರುವವರು ನೆತ್ತಿಗೆ ಎಣ್ಣೆ ನಿಲ್ಲಿಸಬಾರದು. ಹೊಟ್ಟಿಗೆ ಸಂಬಂಧಿಸಿದ ಮಲಸೇಜಿಯ ಎಂಬ ಶಿಲೀಂಧ್ರಕ್ಕೆ ಕೊಬ್ಬಿನಾಮ್ಲವೇ ಆಹಾರ. ದಿನವೂ ಎಣ್ಣೆಯ ಮೇಲೆ ಎಣ್ಣೆ ಹಚ್ಚಿ ವಾರಗಟ್ಟಲೆ ತೊಳೆಯದಿದ್ದರೆ ಧೂಳು ಕೂತು ಕೂದಲು ಮತ್ತಷ್ಟು ಒರಟಾಗುತ್ತದೆ. ಕೆಲವರ ತೆಳು ಕೂದಲು ಕೊಬ್ಬರಿ ಎಣ್ಣೆಗೆ ಬಿರುಸಾಗುವುದೂ ಉಂಟು. ಅಂಥವರು ಎಳ್ಳೆಣ್ಣೆ ನೋಡಬಹುದು. ಹರಳೆಣ್ಣೆ ಬಹಳ ಮಂದ. ಒಂಟಿಯಾಗಿ ಹಚ್ಚಿದರೆ ಸುರುಳಿಗಳು ಅಂಟಿ ಸಿಕ್ಕಾಗುವುದರಿಂದ ಬೇರೆ ಎಣ್ಣೆಯೊಡನೆ ಬೆರೆಸಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸಿಕೊಂಡರೆ ಆಯಿತು, ಒಲೆಯ ಮೇಲೆ ಕಾಯಿಸಬೇಕಾಗಿಲ್ಲ.

ತೊಳೆಯುವುದಕ್ಕೆ ಕರ್ನಾಟಕದಲ್ಲಿ ಹಿಂದಿನಿಂದ ಬಂದವು ಸೀಗೆಕಾಯಿ, ಅಂಟುವಾಳ ಮತ್ತು ಚುಜ್ಜಲು ಪುಡಿ. ಚುಜ್ಜಲು ಬಯಲುಸೀಮೆಯ ಕುರುಚಲು ಕಾಡಿನ ಮರ. ಅದರ ಎಲೆಯನ್ನು ಒಣಗಿಸಿ ಪುಡಿ ಮಾಡುತ್ತಾರೆ. ಸೀಗೆ, ಅಂಟುವಾಳಗಳ ನೊರೆಗೆ ಕಾರಣ ಸಪೋನಿನ್. ಇದಕ್ಕೊಂದು ದೊಡ್ಡ ಗುಣವಿದೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ಬಿಳಿ ಗಸಿಯಾಗಿ ಕೂದಲಿಗೆ ಮೆತ್ತಿಕೊಳ್ಳುತ್ತವೆ. ಸಪೋನಿನ್ ಹಾಗೆ ಗಸಿ ಕಟ್ಟುವುದಿಲ್ಲ. ಸಾಬೂನು ಕ್ಷಾರ, ಸೀಗೆ ತುಸು ಆಮ್ಲ; ಕೂದಲಿನ ಪೊರೆ ಮುಚ್ಚಿಕೊಂಡು ಕೂರಲು ಆಮ್ಲ ಗುಣವೇ ಒಳ್ಳೆಯದು. ಮೈಸಾಬೂನಿನಿಂದ ತಲೆ ತೊಳೆಯುವುದು ಗುಂಗುರು ಕೂದಲಿಗೆ ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಆದರೆ ಸೀಗೆಪುಡಿಯನ್ನು ಕಲಸಿ ನೇರವಾಗಿ ತಿಕ್ಕಿದರೆ ಚೂರುಗಳು ಸುರುಳಿಗಳೊಳಗೆ ಸಿಕ್ಕಿಕೊಂಡು ಎಳೆಯನ್ನು ಉಜ್ಜುತ್ತವೆ. ಕಾಯಿಯನ್ನು ನೆನೆಸಿ ಕುದಿಸಿ, ತೆಳುಬಟ್ಟೆಯಲ್ಲಿ ಸೋಸಿದ ರಸವನ್ನು ನೆತ್ತಿಗೆ ಹಾಕಿ ಬೆರಳಿನಿಂದ ತೊಳೆಯಬೇಕು. ಹರಿದು ಬರುವ ರಸವೇ ಉದ್ದಕ್ಕೂ ಸಾಕಾಗುತ್ತದೆ. ಶಾಂಪೂ ಬಳಸುವವರು ಮೃದುವಾದದ್ದನ್ನು ಆರಿಸಿ ನೆತ್ತಿಗಷ್ಟೇ ಹಾಕಿಕೊಂಡರೆ ಒಳಿತು. ಅಲೆ ಕೂದಲಿಗೆ ವಾರಕ್ಕೆ ಎರಡು ಸಲ, ಸುರುಳಿಗೆ ಒಂದು ಸಲ, ಬಿಗಿ ಉಂಗುರಕ್ಕೆ ವಾರ ಹತ್ತು ದಿನಕ್ಕೊಮ್ಮೆ ತೊಳೆದರೆ ಸಾಕು.

ಸಿಕ್ಕು ಬಿಡಿಸುವುದು ಅತಿ ಎಚ್ಚರ ಬೇಡುವ ಕೆಲಸ. ಒಣಗಿದ ಗುಂಗುರು ಕೂದಲಿಗೆ ಹಣಿಗೆ ಹಾಕಬಾರದು. ಒದ್ದೆಯಾಗಿರುವಾಗ, ಜಾರುವ ಪದಾರ್ಥವೊಂದನ್ನು ಸವರಿಕೊಂಡು, ಹಲ್ಲು ಅಗಲವಾದ ಬಾಚಣಿಗೆಯಿಂದ ಅಥವಾ ಬೆರಳಿನಿಂದ ತುದಿಯಿಂದ ಶುರುಮಾಡಿ ಬುಡದತ್ತ ಬರಬೇಕು. ಬುಡದಿಂದ ಎಳೆದರೆ ಸಿಕ್ಕೆಲ್ಲ ಕೆಳಗೆ ಒತ್ತರಿಸಿ ಗಂಟಾಗುತ್ತದೆ. ಜಾರಿಕೆಗೆ ಕಂಡೀಷನರ್ ಆಗಬಹುದು; ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ಸೋಸಿದ ಲೋಳೆ, ಲೋಳೆಸರದ ತಿರುಳು, ಗಟ್ಟಿ ತೆಂಗಿನ ಹಾಲು ಕೂಡ ಆ ಕೆಲಸ ಮಾಡುತ್ತವೆ. ದಾಸವಾಳದ ಲೋಳೆ ಇವುಗಳಲ್ಲಿ ಉತ್ತಮ: ಖರ್ಚಿಲ್ಲ, ತೊಳೆದರೆ ಪೂರ್ತಿ ಹೋಗುತ್ತದೆ. ಮೆಂತ್ಯ ಅರೆದು ಹಚ್ಚುವುದಾದರೆ ನುಣ್ಣಗೆ ಅರೆದು ಸೋಸಲೇಬೇಕು, ಇಲ್ಲವಾದರೆ ತರಿ ಬಿಡಿಸುವುದೇ ಕೆಲಸವಾಗುತ್ತದೆ.

ಒಪ್ಪ ಮಾಡುವುದು ನೀರು ತೊಟ್ಟಿಕ್ಕುತ್ತಿರುವಾಗಲೇ. ಅಗಸೆ ಬೀಜವನ್ನು ಕುದಿಸಿ ಸೋಸಿದ ಲೋಳೆಯನ್ನೋ ಅಂಗಡಿಯ ಜೆಲ್ಲನ್ನೋ ಅಂಗೈಗೆ ಹಾಕಿಕೊಂಡು ಎಳೆಗಳಿಗೆ ಸವರಿ, ತುದಿಯನ್ನು ಹಿಡಿಯಲ್ಲಿ ತೆಗೆದುಕೊಂಡು ಬುಡದತ್ತ ಮೆಲ್ಲನೆ ಹಿಂಡುತ್ತಾರೆ. ಸುರುಳಿಗಳು ಆಗ ಗುಂಪುಗೂಡುತ್ತವೆ. ಒರಟು ಟವೆಲಿನಿಂದ ಉಜ್ಜದೆ ಹಳೆಯ ಪಂಚೆಯ ಬಟ್ಟೆಯಿಂದ ನೀರು ಒತ್ತಿ ತೆಗೆದು, ಒಣಗುವವರೆಗೆ ಕೈ ಹಾಕದೆ ಬಿಡಬೇಕು. ಲೋಳೆ ಒಣಗಿ ಕೂದಲು ಗರಿಗರಿಯಾದ ಮೇಲೆ ಎರಡು ತೊಟ್ಟು ಎಣ್ಣೆ ಸವರಿದ ಕೈಯಿಂದ ಹಿಂಡಿದರೆ ಬಿರುಸು ಹೋಗಿ ಸುರುಳಿ ಉಳಿಯುತ್ತದೆ. ಮಲಗುವಾಗ ಹತ್ತಿಯ ದಿಂಬು ತೇವ ಹೀರಿ ಎಳೆಯನ್ನು ಉಜ್ಜುತ್ತದೆ. ಹಳೆಯ ರೇಷ್ಮೆ ಸೀರೆಯ ತುಂಡನ್ನು ದಿಂಬಿಗೆ ಹೊದಿಸಿದರೆ ಈ ಹಾನಿ ತಪ್ಪುತ್ತದೆ.

ಜಡೆ ಗುಂಗುರು ಕೂದಲಿಗೆ ಒಳ್ಳೆಯ ಕಾವಲು, ಸಡಿಲವಾಗಿ ಹೆಣೆದರೆ ಮಾತ್ರ. ಶಾಲೆಗೆ ಹೋಗುವ ಹುಡುಗಿಯರಿಗೆ ಹಣೆಯ ಅಂಚು ಎಳೆಯುವಂತೆ ಎರಡು ಜಡೆ ಬಿಗಿದು ರಿಬ್ಬನ್ ಕಟ್ಟುವುದು ದಿನವೂ ನಡೆದರೆ ಬೈತಲೆಯ ಬಳಿ, ಕಣತಲೆಯಲ್ಲಿ ಕೂದಲು ಉದುರಿ ಬಯಲಾಗುತ್ತದೆ. ಎಳೆತದಿಂದ ಬರುವ ಈ ಬೋಳುತನ ಬೇಗ ಗುರುತಿಸಿ ಬಿಗಿ ಬಿಟ್ಟರೆ ವಾಸಿಯಾಗುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಕೂಪವೇ ಸತ್ತು ಕೂದಲು ಮತ್ತೆ ಬರುವುದಿಲ್ಲ. ಬೆಳಗ್ಗೆ ನೀರು ಚಿಮುಕಿಸಿ, ಬೆರಳಿನಿಂದ ಪಾಲು ಮಾಡಿ, ಸಡಿಲವಾಗಿ ಹೆಣೆದ ಜಡೆಯನ್ನು ಶಾಲೆಗಳೂ ಒಪ್ಪಿಕೊಳ್ಳಬೇಕು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2019ರಲ್ಲಿ, ಸಹಜ ಕೂದಲಿನ ಕಾರಣಕ್ಕೆ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಯಾರನ್ನೂ ಬೇರೆಯಾಗಿ ಕಾಣಬಾರದೆಂದು ಕಾನೂನನ್ನೇ ಮಾಡಿತು. ಬಿಗಿ ಉಂಗುರದ ಕೂದಲಿಗೆ ಒಣ ಬಾಚಣಿಗೆ ಇನ್ನೂ ಹೆಚ್ಚು ಕೇಡು. ಆಫ್ರಿಕ ಮೂಲದ ಅನೇಕರು ಅಂಥ ಕೂದಲನ್ನು ಸಣ್ಣ ಸಣ್ಣ ಜಡೆಗಳಾಗಿ ಹೆಣೆದು ಕೆಲವು ವಾರ ಹಾಗೇ ಬಿಡುವುದಕ್ಕೆ ಇದೂ ಒಂದು ಕಾರಣ.

ಪಾರ್ಲರುಗಳ ಸ್ಮೂತನಿಂಗ್, ರೀಬಾಂಡಿಂಗ್ ಗಂಧಕದ ಬಂಧವನ್ನು ಒಡೆದು ನೇರವಾಗಿ ಮತ್ತೆ ಕೂಡಿಸುತ್ತವೆ. ಕೆರಾಟಿನ್ ಟ್ರೀಟ್‌ಮೆಂಟ್ ಎಂಬ ಹೆಸರಿನ ಹಲವು ದ್ರವಗಳು ಬಿಸಿ ಇಸ್ತ್ರಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿರ್ಣಯಿಸಿದೆ. ಮುಚ್ಚಿದ ಕೋಣೆಯಲ್ಲಿ ದಿನವಿಡೀ ಅದನ್ನು ಉಸಿರಾಡುವ ಕೆಲಸಗಾರ್ತಿಯರಿಗೆ ಗಿರಾಕಿಗಿಂತ ಹೆಚ್ಚು ಅಪಾಯ. ನೇರ ಮಾಡಿಸಿದ ಕೂದಲನ್ನು ಯಾವ ಎಣ್ಣೆಯೂ ಮೊದಲಿನಂತೆ ಮಾಡಲಾರದು. ರೋಮಕೂಪ ಬದಲಾಗದಿರುವುದರಿಂದ ಬುಡದಲ್ಲಿ ಹುಟ್ಟುವ ಕೂದಲು ಗುಂಗುರಾಗಿಯೇ ಬರುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುವ ಅದು ಹೆಗಲು ಮುಟ್ಟಲು ಎರಡು ಮೂರು ವರ್ಷ ಬೇಕು, ಅಲ್ಲಿಯವರೆಗೆ ಹಳೆಯ ತುದಿಗಳನ್ನು ಆಗಾಗ ಕತ್ತರಿಸುತ್ತ ಬರಬೇಕಾಗುತ್ತದೆ.