ಕೈಗವಸಿನ ಪುಡಿ

ಶಸ್ತ್ರಚಿಕಿತ್ಸೆಯಾಗಿ ಎರಡು-ಮೂರು ವಾರ ಕಳೆದಿದೆ. ಹೊಲಿಗೆ ಮಾಗಿ ರೋಗಿ ಮನೆ ಸೇರಿಯಾಗಿದೆ. ಆಗ ಶುರುವಾಗುತ್ತದೆ ಜ್ವರ, ಹೊಟ್ಟೆನೋವು, ಉಬ್ಬರ. ಮತ್ತೆ ಹೊಟ್ಟೆ ತೆರೆದು ನೋಡಿದರೆ ಪೆರಿಟೋನಿಯಂ ಎಂಬ ಒಳಪೊರೆಯ ಮೇಲೆಲ್ಲ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಗಂಟುಗಳು. ಕ್ಷಯವೇ? ಹರಡಿದ ಕ್ಯಾನ್ಸರೇ? ಎರಡೂ ಅಲ್ಲ. ಮೊದಲ ಸಲ ಹೊಟ್ಟೆ ತೆರೆದ ವೈದ್ಯರ ಕೈಗವಸಿನಿಂದ ಉದುರಿದ ಪುಡಿ ಅದು.

ರಬ್ಬರ್ ಕೈಗವಸು ಶಸ್ತ್ರಚಿಕಿತ್ಸೆಯ ಕೋಣೆಗೆ ಬಂದದ್ದು ರೋಗಿಯ ರಕ್ಷಣೆಗಲ್ಲ. 1889-90ರ ಚಳಿಗಾಲ, ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ. ಕ್ರಿಮಿನಾಶಕವಾಗಿ ಬಳಸುತ್ತಿದ್ದ ಪಾದರಸದ ದ್ರಾವಣದಿಂದ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈಚರ್ಮ ಕಿತ್ತುಬರುತ್ತಿತ್ತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ಕಂಪನಿಯಿಂದ ತೆಳು ಗವಸು ಮಾಡಿಸಿಕೊಟ್ಟರು. 1890ರಲ್ಲಿ ಇಬ್ಬರೂ ಮದುವೆಯಾದರು. ವೈದ್ಯಚರಿತ್ರೆಯ ಪುಸ್ತಕಗಳು ಈ ಪ್ರೇಮಕಥೆಯನ್ನು ಸಾಕುಬೇಕಾಗುವಷ್ಟು ಹೇಳಿವೆ. ಗವಸಿನಿಂದ ರೋಗಿಗೂ ಸೋಂಕು ತಗ್ಗುತ್ತದೆಂದು ಹಾಲ್‌ಸ್ಟೆಡ್‌ರ ಶಿಷ್ಯ ಜೋಸೆಫ್ ಬ್ಲಡ್‌ಗುಡ್ ಲೆಕ್ಕ ಸಮೇತ ತೋರಿಸಿದ್ದು 1899ರಲ್ಲಿ.

ಆದರೆ ಬೆವರಿದ ಕೈ ರಬ್ಬರಿನೊಳಗೆ ಜಾರಬೇಕಲ್ಲ? ಅದಕ್ಕೇ ಪುಡಿ. ಮೊದಲು ಲೈಕೊಪೋಡಿಯಂ, ಅಂದರೆ ಪಾಚಿಯಂತೆ ಕಾಣುವ ಒಂದು ಗಿಡದ ಬೀಜಕಣ. ಪಟಾಕಿಗೂ ಅದೇ ಬಳಕೆ. ಅದು ಹೊಟ್ಟೆಯೊಳಗೆ ಗಂಟು ಕಟ್ಟುತ್ತದೆಂದು ಗೊತ್ತಾಯಿತು. ಅದರ ಜಾಗಕ್ಕೆ ಬಂದ ಟಾಲ್ಕ್, ನಮ್ಮ ಮನೆಯ ಪೌಡರ್ ಡಬ್ಬಿಯದೇ ಕಲ್ಲುಪುಡಿ. ಕಲ್ಲು ಕರಗುವುದಿಲ್ಲ. ದೇಹ ಅದರ ಸುತ್ತ ಗೋಡೆ ಕಟ್ಟುತ್ತದೆ, ಕರುಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕೆಲವೊಮ್ಮೆ ದಾರಿಯೇ ಕಟ್ಟಿಹೋಗುತ್ತದೆ.

1947ರಲ್ಲಿ ಲೀ ಮತ್ತು ಲೇಮನ್ ಎಂಬ ಸಂಶೋಧಕರು ಮೆಕ್ಕೆಜೋಳದ ಪಿಷ್ಟವನ್ನು ಮುಂದಿಟ್ಟರು. ಅದು ಆಹಾರ, ದೇಹ ಹೀರಿಕೊಳ್ಳುತ್ತದೆ ಎಂಬ ತರ್ಕ. ಬಹುಮಟ್ಟಿಗೆ ಸರಿಯೇ. ಆದರೆ ಎಲ್ಲರ ದೇಹವೂ ಸುಮ್ಮನೆ ಹೀರಿಕೊಳ್ಳಲಿಲ್ಲ. 1950ರ ದಶಕದಿಂದ ಪಿಷ್ಟದ ಪೆರಿಟೋನೈಟಿಸ್ ವರದಿಗಳು ಬರತೊಡಗಿದವು. ಗುರುತಿಸುವ ಉಪಾಯ ಮಾತ್ರ ಸೊಗಸಾಗಿತ್ತು: ಗಂಟಿನ ಚೂರನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿಟ್ಟರೆ ಪ್ರತಿ ಪಿಷ್ಟಕಣದಲ್ಲೂ ಒಂದು ಶಿಲುಬೆ ಮೂಡುತ್ತದೆ. ಅಷ್ಟು ನೋಡಿದ್ದರೆ ಕ್ಷಯದ ಮಾತ್ರೆಯೂ ಬೇಕಿಲ್ಲ, ಕ್ಯಾನ್ಸರ್ ಎಂಬ ಸುದ್ದಿಯೂ ಬೇಕಿಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1971ರಲ್ಲಿ ಮಾಡಿದ್ದು ಪೊಟ್ಟಣದ ಮೇಲೊಂದು ಎಚ್ಚರಿಕೆ: ಗವಸು ತೊಟ್ಟ ಮೇಲೆ ಪುಡಿ ಒರೆಸಿಕೊಳ್ಳಿ. ತಪ್ಪು ಪುಡಿಯದಲ್ಲ, ಒರೆಸದ ವೈದ್ಯರದು ಎಂಬಂತೆ! ಒರೆಸಿದರೂ ಪೂರ್ತಿ ಹೋಗುವುದಿಲ್ಲವೆಂದು ಸರ್ಜನ್‌ಗಳೇ ಬರೆದರು. ಪುಡಿಯಿಲ್ಲದ ಗವಸುಗಳು ಮಾರುಕಟ್ಟೆಗೆ ಬಂದವು, ಲೇಟೆಕ್ಸ್ ಅಲರ್ಜಿಯ ದೂರುಗಳೂ ಸೇರಿಕೊಂಡವು. ಕೊನೆಗೆ ನಿಷೇಧ ಜಾರಿಯಾದದ್ದು 2017ರ ಜನವರಿ 18ರಂದು, ಎಚ್ಚರಿಕೆ ಅಚ್ಚಾಗಿ ನಲವತ್ತೈದು ವರ್ಷ ದಾಟಿದ ಮೇಲೆ.